ಹೊಳೆಗಿಂತ ಮುಂಚೆ ಮಾತು ಬರಬೇಕು

ಆಷಾಢದ ಮೋಡ ಚಿಕ್ಕೋಡಿಯ ಮೇಲೆ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಗಾಳಿ ಬೀಸುತ್ತದೆ, ನಾಲ್ಕು ಹನಿ ಉದುರುತ್ತವೆ, ಮತ್ತೆ ಎಳೆಬಿಸಿಲು. ಕಲ್ಲೋಳ–ಯಡೂರ ನಡುವಿನ ಬಾಂದಾರದ ಮೇಲೆ ನಿಂತವರ ಬೆನ್ನಿಗೆ ಬಿಸಿಲು ತಾಗುತ್ತಿರುವಾಗಲೇ ಕಾಲ ಕೆಳಗೆ ಕೃಷ್ಣೆ ಕೆಂಪಾಗುತ್ತಾಳೆ. ಮೊದಲು ನೀರಿನ ಬಣ್ಣ ಬದಲಾಗುತ್ತದೆ. ಆಮೇಲೆ ಜಾಲಿಯ ಟೊಂಗೆ, ಕಬ್ಬಿನ ರವದಿ, ಎಲ್ಲಿಯದೋ ಬಾಳೆಯ ಗಿಡ ತೇಲಿ ಬರುತ್ತವೆ. ದಂಡೆಯ ಮೇಲೆ ನಾಲ್ಕೈದು ಜನ ಸೇರಿ ಪಂಪ್‌ಸೆಟ್ ಬಿಚ್ಚಿ, ಹಗ್ಗ ಕಟ್ಟಿ, ಹುರುಪಿನಿಂದ ಮೇಲಕ್ಕೆ ಎಳೆಯುತ್ತಾರೆ. ಪೈಪು ಉಳಿದರೆ ಉಳಿಯಲಿ, ಮೋಟರ್ ಹೋಗಬಾರದು. ಕತ್ತಲಾಗುವ ಹೊತ್ತಿಗೆ ಬಾಂದಾರ ನೀರಿನಡಿ ಸೇರಿರುತ್ತದೆ, ಆಚೆ ದಂಡೆಯ ದಾರಿ ಕಡಿದಿರುತ್ತದೆ. ಇತ್ತ ಮೇಲಿನ ಹೊಲದ ಸೋಯಾಬೀನು ಮಾತ್ರ ಇನ್ನೂ ಒಂದು ಹದ ಮಳೆಗೆ ಕಾಯುತ್ತಿರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ದೊಡ್ಡ ನೆರೆ ಇಲ್ಲಿಯ ಆಕಾಶದಿಂದ ಬೀಳುವುದಲ್ಲ. ಮಹಾಬಳೇಶ್ವರದ ನೆತ್ತಿಯಲ್ಲಿ, ಕೊಯ್ನಾ ಕಣಿವೆಯಲ್ಲಿ, ರಾಧಾನಗರಿಯ ಕಾಡಿನಲ್ಲಿ ಸುರಿದದ್ದು ಇಲ್ಲಿಗೆ ನಡೆದು ಬರುತ್ತದೆ. 105.25 ಟಿಎಂಸಿ ಹಿಡಿಯುವ ಕೊಯ್ನಾ ಜಲಾಶಯ ತುಂಬಿತೆಂದರೆ ಬಾಗಿಲು ತೆರೆಯಲೇಬೇಕು. ವಾರಣಾ ಬಂದು ಕೂಡುತ್ತದೆ. ನೃಸಿಂಹವಾಡಿಯಲ್ಲಿ ಪಂಚಗಂಗಾ ಸೇರುತ್ತದೆ. ರಾಜಾಪುರ ಬ್ಯಾರೇಜ್ ದಾಟಿ ಬಂದ ಕೃಷ್ಣೆಗೆ ಕಲ್ಲೋಳದ ಬಳಿ ದೂಧಗಂಗಾ ಕೂಡುತ್ತದೆ; ಆ ದೂಧಗಂಗೆಯ ಮಡಿಲಲ್ಲಿ ನಿಪ್ಪಾಣಿ ಸೀಮೆಯ ವೇದಗಂಗೆಯ ನೀರೂ ಇರುತ್ತದೆ. ಸಹ್ಯಾದ್ರಿಯ ಬೇರೆ ಬೇರೆ ಕಣಿವೆಗಳ ಮಳೆ ಒಂದೇ ಪಾತ್ರದಲ್ಲಿ ಹರಿದು ಜುಗುಳ, ಮಂಗಾವತಿ, ಮಾಂಜರಿ, ಇಂಗಳಿ, ಕುಡಚಿ, ಉಗಾರ, ದರೂರ, ಹುಲಗಬಾಳಿಗಳ ಅಂಗಳಕ್ಕೆ ಬರುತ್ತದೆ.

ಮಲೆನಾಡಿನಲ್ಲಾದರೆ ಗುಡುಗು, ಬಿಡದೆ ಸುರಿವ ಮಳೆ, ಸೋರುವ ಮಾಡು ಎಲ್ಲವೂ ಎಚ್ಚರಿಕೆಯ ಜೊತೆ ದನಿಗೂಡಿಸುತ್ತವೆ. ಇಲ್ಲಿ ಕಿವಿ ಕೇಳಿದ್ದನ್ನು ಕಣ್ಣು ನಂಬುವುದಿಲ್ಲ. “ನಮ್ಮಲ್ಲೆ ಮಳಿನ ಇಲ್ಲ, ಹೊಳಿ ಎಲ್ಲಿಂದ ಬರತೈತಿ?” ಎಂಬುದು ಈ ದಂಡೆಯ ಸಹಜ ಪ್ರಶ್ನೆ. ಬಿಸಿಲಿರುವ ದಿನ ಒಬ್ಬ ರೈತನನ್ನು ಮನೆ ಬಿಟ್ಟು, ಎಮ್ಮೆ ಹೊಡೆದುಕೊಂಡು, ಊರ ಶಾಲೆಗೆ ಬಾ ಎಂದು ಒಪ್ಪಿಸಬೇಕು. ಸಾರ್ವಜನಿಕ ಪ್ರಚಾರ ಎಂಬ ವಿದ್ಯೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಸಿಗುವುದು ಅಪರೂಪ.

ಹಳೆಯ ಗುರುತಿನ ಮೇಲಿನ ನಂಬಿಕೆ

ಹೊಳೆಸಾಲಿನ ಊರುಗಳಲ್ಲಿ ಗುಡಿಯ ಕಟ್ಟೆಯ ಮೇಲೊಂದು ಗೀಟು, ಮನೆಯ ಗೋಡೆಯ ಮೇಲೊಂದು ಕೆಸರಿನ ಕಲೆ ಇರುತ್ತದೆ. “ಐದರಾಗ ಇಲ್ಲಿತನಕ ಬಂದಿತ್ತು” ಎಂದು ಹಿರಿಯರು ಬೆರಳಿಟ್ಟು ತೋರಿಸುತ್ತಾರೆ. 2005ರ ಮಹಾಪೂರ ಒಂದು ತಲೆಮಾರಿಗೆ ಅಳತೆಗೋಲಾಯಿತು. ಅದಕ್ಕಿಂತ ಮೇಲೆ ನೀರು ಬರಲಾರದು ಎಂಬ ಧೈರ್ಯವನ್ನೂ ಅದೇ ಗೀಟು ಕೊಟ್ಟಿತು. 2019ರ ಆಗಸ್ಟ್‌ನಲ್ಲಿ ಆ ಧೈರ್ಯ ಕೊಚ್ಚಿಹೋಯಿತು. ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿ 2005ರ ಮಟ್ಟವನ್ನು ಹಿಂದೆ ಹಾಕಿತು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ರಾಷ್ಟ್ರೀಯ ಹೆದ್ದಾರಿಯನ್ನೇ ನುಂಗಿ, ಬೆಂಗಳೂರು–ಪುಣೆ ದಾರಿ ನಿಂತಿತು. ಎರಡೇ ವರ್ಷದಲ್ಲಿ, 2021ರ ಜುಲೈನಲ್ಲಿ, ಮತ್ತೆ ಅದೇ ದೃಶ್ಯ.

2019ರ ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಪಾರಾಗಲು ಹೊರಟವರ ದೋಣಿ ಮಗುಚಿ ಹಲವರು ಸತ್ತರು. ನೀರು ಮನೆ ಸುತ್ತಿದ ಮೇಲೆ ಹೊರಡುವುದು ಎಷ್ಟು ಅಪಾಯ ಎಂಬುದನ್ನು ಆ ಒಂದು ದಿನ ಹೇಳಿಬಿಟ್ಟಿತು. ರಸ್ತೆ ಒಣಗಿರುವಾಗ ಟ್ರ್ಯಾಕ್ಟರ್ ಒಂದೇ ಸಾಕು. ಅದೇ ರಸ್ತೆ ಮುಳುಗಿದ ಮೇಲೆ ದೋಣಿ, ಎನ್‌ಡಿಆರ್‌ಎಫ್, ಹೆಲಿಕಾಪ್ಟರ್ ಎಲ್ಲ ಬೇಕಾಗುತ್ತವೆ. ಈ ಎರಡರ ನಡುವೆ ಸಿಗುವ ಕೆಲವು ಗಂಟೆಗಳೇ ನೆರೆ ಪ್ರಚಾರದ ಒಟ್ಟು ಆಸ್ತಿ. ಅಣೆಕಟ್ಟೆಗಳು ಮೇಲೆ, ಊರುಗಳು ಕೆಳಗೆ ಇರುವುದರಿಂದ ಆ ಗಂಟೆಗಳು ನಿಸರ್ಗವೇ ಕೊಟ್ಟ ಕಾಣಿಕೆ. ಅವನ್ನು ಅರ್ಥವಾಗದ ಮಾತಿನಲ್ಲಿ ಕಳೆಯುವುದು ದೊಡ್ಡ ನಷ್ಟ.

ಕ್ಯುಸೆಕ್ಕಿನಿಂದ ಮೆಟ್ಟಿಲಿಗೆ

ಮಳೆಗಾಲದ ಬೆಳಗಿನ ಚಹಾದಂಗಡಿಯಲ್ಲಿ ಪತ್ರಿಕೆಯಲ್ಲಿ ಮೊದಲು ಓದುವ ಸುದ್ದಿ ಒಂದೇ: ರಾಜಾಪುರದಿಂದ ಇಷ್ಟು ಕ್ಯುಸೆಕ್, ದೂಧಗಂಗೆಯಿಂದ ಇಷ್ಟು, ಎರಡೂ ಸೇರಿ ಕಲ್ಲೋಳದ ಬಳಿ ಇಷ್ಟು. “ಕೊಯ್ನಾದಾಗ ಎಷ್ಟ ಬಿಟ್ಟಾರಂತ್ರೀ?” ಎಂದು ಕೇಳುವ ಅಜ್ಜನಿಗೆ ಲಕ್ಷ ಕ್ಯುಸೆಕ್ ಎಂದರೆ ತನ್ನ ಹೊಲದ ಯಾವ ಬದುವಿನವರೆಗೆ ನೀರು ಎಂಬುದು ರೂಢಿಯಿಂದ ಗೊತ್ತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಲಕ್ಷ ಕ್ಯುಸೆಕ್ ಹರಿವು ಇಡೀ ದಿನ ನಿಂತರೆ 8.64 ಟಿಎಂಸಿ ನೀರು ಊರ ಮುಂದೆ ಹಾದುಹೋಗುತ್ತದೆ. ಎಂಜಿನಿಯರಿಗೆ ಇದು ಪೂರ್ಣ ಮಾಹಿತಿ. ಆದರೆ ಹೋದ ವರ್ಷ ಮದುವೆಯಾಗಿ ಹೊಳೆದಂಡೆಯ ತೋಟದ ಮನೆಗೆ ಬಂದ ಸೊಸೆಗೆ, ಗಂಡ ಪೇಟೆಗೆ ಹೋದ ಹೊತ್ತಿನಲ್ಲಿ, ಆ ಅಂಕಿಯಿಂದ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಸಾಂಗ್ಲಿ, ಕೊಲ್ಹಾಪುರದವರು ಈ ವಿಷಯದಲ್ಲಿ ಒಂದು ಒಳ್ಳೆಯ ರೂಢಿ ಬೆಳೆಸಿಕೊಂಡಿದ್ದಾರೆ. ಸಾಂಗ್ಲಿಯಲ್ಲಿ ಆಯರ್ವಿನ್ ಸೇತುವೆ: 40 ಅಡಿ ಎಚ್ಚರಿಕೆ, 45 ಅಡಿ ಅಪಾಯ. ಕೊಲ್ಹಾಪುರದಲ್ಲಿ ರಾಜಾರಾಮ ಬಾಂದಾರ: 39 ಅಡಿ ಎಚ್ಚರಿಕೆ, 43 ಅಡಿ ಅಪಾಯ. ಒಂದೇ ಜಾಗ, ಒಂದೇ ಅಳತೆ. ರಿಕ್ಷಾ ಹೊಡೆಯುವವನಿಗೂ ಕಾಲೇಜಿನ ಹುಡುಗಿಗೂ ಬಾಯಿಪಾಠ. ಯಾವ ಬಡಾವಣೆಗೆ ಎಷ್ಟು ಅಡಿಗೆ ನೀರು ನುಗ್ಗುತ್ತದೆ ಎಂಬುದು ಅಲ್ಲಿ ಮನೆಮಾತು. ನಮ್ಮ ದಂಡೆಯ ಪ್ರತಿ ಊರಿಗೂ ಇಂಥದೊಂದು ಸ್ವಂತ ಅಳತೆ ಬೇಕು. ಯಡೂರಿನವರಿಗೆ ವೀರಭದ್ರ ದೇವರ ಗುಡಿಯ ಕಡೆಯ ಘಾಟು, ಕುಡಚಿಯವರಿಗೆ ಉಗಾರ ಸೇತುವೆಯ ಕಂಬ, ಜುಗುಳದವರಿಗೆ ಊರ ಬಾಗಿಲಿನ ಒಂದು ಕಲ್ಲು. ಕಲ್ಲೋಳದ ಹರಿವು ಇಷ್ಟಾದರೆ ಆ ಮೆಟ್ಟಿಲಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆಂದು ಹಿಂದಿನ ನೆರೆಗಳ ದಾಖಲೆಯಿಂದ ಲೆಕ್ಕ ಹಾಕಿ, ಬೇಸಿಗೆಯಲ್ಲೇ ಬಣ್ಣದ ಪಟ್ಟಿ ಬಳಿದಿಡಬೇಕು.

ಆಗ ಮೈಕಿನಲ್ಲಿ ಹೇಳುವ ಮಾತಿನ ರೂಪವೇ ಬದಲಾಗುತ್ತದೆ. “ಕೃಷ್ಣಾ ನದಿಯ ಒಳಹರಿವು ಹೆಚ್ಚುತ್ತಿದ್ದು ಸಾರ್ವಜನಿಕರು ಎಚ್ಚರಿಕೆಯಿಂದಿರಬೇಕು” ಎಂಬ ಪ್ರಕಟಣೆ ಯಾರನ್ನೂ ಎಬ್ಬಿಸುವುದಿಲ್ಲ. ಎಚ್ಚರಿಕೆಯಿಂದ ಇರುವುದು ಎಂದರೆ ಏನು ಮಾಡುವುದು? ಅದರ ಬದಲಿಗೆ ಹೀಗೆ ಹೇಳಬಹುದು: “ನಾಳಿ ಮಧ್ಯಾಹ್ನಕ್ಕ ನೀರು ಕೆಂಪು ಪಟ್ಟಿಗೆ ಬರತೈತಿ. ಹೊಳಿದಂಡಿ ತ್ವಾಟದ ಮನ್ಯಾಗ ಇರೋರು ಇವತ್ತ ಹೊತ್ತು ಮುಣಗೂದ್ರೊಳಗ ದನಾಕರಾ ತಗೊಂಡು ಹೈಸ್ಕೂಲಿಗೆ ಬರ್ರಿ. ಮೇವು ಅಲ್ಲೇ ಐತಿ. ಗಾಡಿ ಬೇಕಾದವರು ಪಂಚಾಯ್ತಿಗೆ ಹೇಳ್ರಿ.” ಏನು ಬರುತ್ತದೆ, ಯಾವಾಗ, ಎಲ್ಲಿಯವರೆಗೆ, ಯಾರು ಹೊರಡಬೇಕು, ಎಲ್ಲಿಗೆ ಹೋಗಬೇಕು, ಹೋದ ಮೇಲೆ ಏನು ಸಿಗುತ್ತದೆ ಎಂಬುದೆಲ್ಲ ಈ ನಾಲ್ಕು ವಾಕ್ಯದಲ್ಲಿದೆ. ಇವುಗಳಲ್ಲಿ ತುಂಬ ತೂಕದ್ದು ಮೇವಿನ ಮಾತು. ಈ ಸೀಮೆಯಲ್ಲಿ ಜನ ಮನೆ ಬಿಡದಿರುವುದು ಹಟದಿಂದಲ್ಲ. ಹಾಲು ಕೊಡುವ ಎಮ್ಮೆಯನ್ನು ಗೂಟದಲ್ಲಿ ಕಟ್ಟಿ ಹೋಗಲು ಯಾರ ಮನಸ್ಸೂ ಒಪ್ಪುವುದಿಲ್ಲ. ನೆರೆಯವರಿಗೆ ತೆರೆಯುವ ಕಾಳಜಿ ಕೇಂದ್ರದಲ್ಲಿ ಅನ್ನ ಇದೆ ಎಂದರೆ ಅರ್ಧ ಮಾತು; ದನಕ್ಕೂ ಜಾಗವಿದೆ ಎಂದರೆ ಪೂರ್ಣ ಮಾತು.

ಅದೇ ನಾಲ್ಕು ವಾಕ್ಯ ಮರಾಠಿಯಲ್ಲೂ ಹೊರಡಬೇಕು, ಅದೇ ಗಳಿಗೆಯಲ್ಲಿ. ನಿಪ್ಪಾಣಿ, ಕಾರದಗಾ, ಭೋಜ ಕಡೆ ಮನೆಯೊಳಗಿನ ಮಾತು ಬಹುಪಾಲು ಮರಾಠಿ. ಅಥಣಿ, ರಾಯಬಾಗ ಕಡೆ ಕನ್ನಡ. ಕಾಗವಾಡದ ಸಂತೆಯಲ್ಲಿ ಒಂದೇ ವ್ಯವಹಾರದಲ್ಲಿ ಎರಡೂ ಓಡಾಡುತ್ತವೆ. ಗಡಿಯ ವಾದಗಳು ಬೇರೆ ವೇದಿಕೆಯಲ್ಲಿ ನಡೆಯಲಿ. ನೀರು ಬರುವ ರಾತ್ರಿ ಕೇಳುವವರ ಮನೆಮಾತೇ ಆಡಳಿತದ ಭಾಷೆಯಾಗಬೇಕು.

ಯಾರ ಬಾಯಿಂದ

ಸಂಜೆ ಏಳು ಗಂಟೆಯ ಹಾಲಿನ ಡೇರಿಯನ್ನು ನೋಡಬೇಕು. ಕ್ಯಾನು, ತಂಬಿಗೆ, ಸ್ಟೀಲ್ ಡಬ್ಬಿ ಹಿಡಿದು ಗಂಡಸರು ಹೆಂಗಸರು ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಫ್ಯಾಟ್ ನೋಡುವ ಯಂತ್ರ ಗುಂಯ್‌ಗುಡುತ್ತದೆ, ಚೀಟಿ ಹರಿಯುತ್ತದೆ, ಊರಿನ ಸುದ್ದಿ ಕೈ ಬದಲಿಸುತ್ತದೆ. ದಿನಕ್ಕೆ ಎರಡು ಹೊತ್ತು, ತಪ್ಪದೆ, ದನ ಇರುವ ಪ್ರತಿ ಮನೆಯ ಒಬ್ಬರು ಇಲ್ಲಿ ಬಂದೇ ಬರುತ್ತಾರೆ. ನೆರೆಯಲ್ಲಿ ಮೊದಲು ಸಿಕ್ಕಿಬೀಳುವವರೂ ಇವರೇ. ಊರೊಳಗಿನ ಮೈಕು ಮುಟ್ಟದ ಹೊಳೆದಂಡೆಯ ವಸ್ತಿಗಳಿಗೆ ಮಾತು ಮುಟ್ಟಿಸಲು ಈ ಡೇರಿಗಿಂತ ಗಟ್ಟಿ ದಾರಿ ಇನ್ನೊಂದಿಲ್ಲ. ಸಕ್ಕರೆ ಕಾರ್ಖಾನೆಗಳ ಬಳಿ ಕಬ್ಬು ಬೆಳೆಯುವ ರೈತರ ಹೆಸರು, ಹೊಲದ ಸರ್ವೆ ನಂಬರು, ಫೋನು ಎಲ್ಲ ಇರುತ್ತವೆ. ಹೊಳೆಗೆ ಹತ್ತಿದ ಹೊಲ ಯಾರದೆಂದು ಕಾರ್ಖಾನೆಯ ಕಬ್ಬಿನ ವಿಭಾಗಕ್ಕೆ ಗೊತ್ತು. ಗುಡಿಯ ಮೈಕು, ಮಸೀದಿಯ ಮೈಕು, ಪಂಚಾಯಿತಿಯ ಕಸದ ಗಾಡಿ, ಡಂಗುರದ ಹಲಗಿ, ವಾಟ್ಸ್‌ಆ್ಯಪ್ ಗುಂಪು ಎಲ್ಲವೂ ಬೇಕು. ಆದರೆ ಎಲ್ಲದರಲ್ಲೂ ಮಾತು ಒಂದೇ ಇರಬೇಕು.

ಎಚ್ಚರಿಕೆಗಳ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞ ಡೆನಿಸ್ ಮಿಲೇಟಿ ಮುಂತಾದವರು ಕಂಡುಕೊಂಡದ್ದು ಇದೇ: ಎಚ್ಚರಿಕೆ ಕೇಳಿದ ಕೂಡಲೇ ಜನ ಓಡುವುದಿಲ್ಲ, ಮೊದಲು ಇನ್ನೊಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಮಾಂಜರಿಯವನು ಅಂಕಲಿಯ ಬೀಗರಿಗೆ ಫೋನು ಮಾಡುತ್ತಾನೆ. ಮೊಬೈಲಿನಲ್ಲಿ ಬಂದದ್ದನ್ನು ತಲಾಠಿ ಸಾಹೇಬರ ಬಳಿ ಕೇಳುತ್ತಾನೆ. ನೃಸಿಂಹವಾಡಿಯ ದತ್ತ ಮಂದಿರದಲ್ಲಿ ನೀರು ಪಾದುಕೆಯ ಮೇಲೆ ಹಾದು ದಕ್ಷಿಣ ಬಾಗಿಲಿನಿಂದ ಹೊರಬಂತೇ ಎಂದು ವಿಚಾರಿಸುತ್ತಾನೆ. ಈ ವಿಚಾರಣೆ ಜನರ ಅಸಡ್ಡೆಯ ಗುರುತಲ್ಲ, ವಿವೇಕದ ಗುರುತು. ಕೇಳಿದ ಮೂರು ಕಡೆಯೂ ಒಂದೇ ಉತ್ತರ ಬಂದರೆ ಆತ ಗೂಟದಿಂದ ಹಗ್ಗ ಬಿಚ್ಚುತ್ತಾನೆ. ಒಂದು ಕಡೆ “ಹಂಗೇನಿಲ್ಲ” ಎಂದರೆ ರಾತ್ರಿ ಅಲ್ಲೇ ಮಲಗುತ್ತಾನೆ.

ಈ ಪ್ರದೇಶದಲ್ಲಿ ಆ ಒಂದೇ ಉತ್ತರ ಕಷ್ಟವಾಗುವುದಕ್ಕೆ ಕಾರಣ ನೀರು ಎರಡು ರಾಜ್ಯಗಳದ್ದು. 2019ರ ನೆರೆಯ ನಂತರ, ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದಲೇ ಸಾಂಗ್ಲಿ ಮುಳುಗಿತೆಂಬ ಮಾತು ಗಡಿಯಾಚೆ ಹಬ್ಬಿತು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ 2020ರಲ್ಲಿ ಆ ಕಾರಣವನ್ನು ಒಪ್ಪಲಿಲ್ಲ. ಆದರೂ ಪ್ರತಿ ಮಳೆಗಾಲದಲ್ಲಿ ಆ ವಾದ ಮರಳುತ್ತದೆ. ಯಾರ ತಪ್ಪು ಎಂಬ ಗದ್ದಲದಲ್ಲಿ ಯಾವಾಗ ಹೊರಡಬೇಕು ಎಂಬ ಮಾತು ಕೇಳಿಸದೆ ಹೋಗುತ್ತದೆ. ಚಿಕ್ಕೋಡಿಯ ಉಪವಿಭಾಗದ ಕಚೇರಿಯೂ ಆಚೆಯ ಶಿರೋಳ ತಾಲ್ಲೂಕಿನ ಕಚೇರಿಯೂ ಒಂದೇ ಪ್ರಕಟಣೆಯನ್ನು ಎರಡು ಭಾಷೆಯಲ್ಲಿ, ಒಂದೇ ಗಳಿಗೆಯಲ್ಲಿ ಹೊರಡಿಸುವ ದಿನ ಬಂದರೆ ಹೊಳೆಸಾಲಿನ ಅರ್ಧ ಗೊಂದಲ ಕರಗುತ್ತದೆ.

ಊರಿನವರ ಬಾಯಿಂದಲೇ ಎಚ್ಚರಿಕೆ ಮುಟ್ಟಿಸುವುದನ್ನು ದೂರದ ಬಂಗಾಳ ಕೊಲ್ಲಿಯ ದಂಡೆ ಮಾಡಿ ತೋರಿಸಿದೆ. 1970ರ ನವೆಂಬರಿನ ಭೋಲಾ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತ ಮೇಲೆ ಬಾಂಗ್ಲಾದೇಶ 1972ರಲ್ಲಿ ಸ್ವಯಂಸೇವಕರ ಪಡೆ ಕಟ್ಟಿತು. ಅವರ ಕೈಯಲ್ಲಿದ್ದದ್ದು ಕೈಮೈಕು, ಸೈರನ್, ಬಾವುಟ. ಅವರು ಆಯಾ ಊರಿನವರೇ, ಮನೆಮನೆಯ ಪರಿಚಯ ಇದ್ದವರು. 2020ರ ಅಂಫಾನ್ ಚಂಡಮಾರುತ ಬಂದಾಗ ಆ ದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಸಾಗಿಸಿತು; ಸತ್ತವರ ಸಂಖ್ಯೆ ಹತ್ತಾರರಲ್ಲಿ ನಿಂತಿತು. ಉಪಗ್ರಹ ಎಷ್ಟು ಮುಖ್ಯವೋ ಕದ ತಟ್ಟುವ ನೆರೆಮನೆಯವನು ಅಷ್ಟೇ ಮುಖ್ಯ ಎಂಬ ಪಾಠ ಅದರಲ್ಲಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಒಟ್ಟಿಗೆ ಕೂಗಿ ಎಚ್ಚರಿಕೆ ಸಂದೇಶದ ಪರೀಕ್ಷೆ ನಡೆಯಿತು. ಆ ತಂತ್ರಜ್ಞಾನ ಈ ದಂಡೆಗೆ ಬಹಳ ದೊಡ್ಡ ಬಲ. ಕೂಗಿದ ಮೊಬೈಲನ್ನು ಹಿಡಿದು ಜನ ತಿರುಗಿ ನೋಡುವ ಮೊದಲ ಮುಖ ಮಾತ್ರ ಊರಿನದೇ ಆಗಿರುತ್ತದೆ.

ನಿಪ್ಪಾಣಿಯ ಪಾಠ, ರಾಯಬಾಗದ ಪಾಠ

ನಿಪ್ಪಾಣಿಯ ಪೇಟೆಯಲ್ಲಿ ಹೊಗೆಸೊಪ್ಪಿನ ಘಾಟು ಗಾಳಿಯಲ್ಲೇ ಇರುತ್ತದೆ. ವಖಾರಿಗಳ ಮುಂದೆ ಹಾದರೆ ಮೂಗು ತುರಿಸುತ್ತದೆ, ಹೊಸಬರಿಗೆ ಕೆಮ್ಮು ಬರುತ್ತದೆ. ಒಳಗೆ ಹೆಂಗಸರು ತಲೆಗೂ ಬಾಯಿಗೂ ಬಟ್ಟೆ ಸುತ್ತಿಕೊಂಡು ತಂಬಾಕು ಜರಡಿ ಹಿಡಿಯುತ್ತಾರೆ. 1982ರಲ್ಲಿ ಯುಗಾಂತರ ಎಂಬ ಸ್ತ್ರೀವಾದಿ ಚಿತ್ರ ತಂಡ ಇಲ್ಲಿಗೆ ಬಂದು, ಕಾರ್ಮಿಕ ಹೆಂಗಸರ ಜೊತೆಗೂಡಿ ‘ತಂಬಾಕು ಚಾಕೀಲಾ ಊಬ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ದೀಪಾ ಧನರಾಜ್, ನವರೋಜ್ ಕಾಂಟ್ರಾಕ್ಟರ್ ಆ ತಂಡದಲ್ಲಿದ್ದರು. ಕೆಲಸ, ಕೂಲಿ, ಸಂಘ ಕಟ್ಟಿದ ಬಗೆ ಎಲ್ಲವೂ ಆ ಹೆಂಗಸರ ಬದುಕಿನಿಂದಲೇ ತೆರೆಗೆ ಬಂದವು. ಸಂದೇಶ ಯಾರಿಗಾಗಿ ಇದೆಯೋ ಅವರೇ ಅದನ್ನು ರೂಪಿಸುವಾಗ ಎಷ್ಟು ಶಕ್ತಿ ಬರುತ್ತದೆಂದು ತಿಳಿಯಲು ನಿಪ್ಪಾಣಿ ನಲವತ್ತು ವರ್ಷಗಳ ಹಿಂದೆಯೇ ಉದಾಹರಣೆ ಕೊಟ್ಟಿದೆ.

ಅದೇ ತಂಬಾಕಿನ ಬೀಡಿ ಕಟ್ಟಿನ ಮೇಲೆ ದೇಶದ ಒಂದು ದೊಡ್ಡ ಆರೋಗ್ಯ ಪ್ರಚಾರವೂ ನಡೆದಿದೆ. 2009ರ ಮೇ 31ರಿಂದ ತಂಬಾಕು ಕಟ್ಟುಗಳ ಮೇಲೆ ಚಿತ್ರದ ಎಚ್ಚರಿಕೆ ಬಂತು. 2016ರ ಏಪ್ರಿಲ್‌ನಿಂದ ಅದು ಕಟ್ಟಿನ ಶೇ 85 ಭಾಗ ಆವರಿಸಿತು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದುಮಾಡಿತು; 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಪ್ರಚಾರದ ಫಲವನ್ನು ಅಳೆಯುವ ಕ್ರಮವೂ ಇಲ್ಲಿ ಕಲಿಯುವಂಥದು. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಚಿತ್ರ ನೋಡಿದಿರಾ ಎಂದಷ್ಟೇ ಕೇಳಿ ಸುಮ್ಮನಾಗಲಿಲ್ಲ, ನೋಡಿ ಬಿಡಬೇಕೆನಿಸಿತೇ ಎಂದೂ ಕೇಳಿತು. ದೇಶದ ಬೀಡಿ ಸೇದುವವರಲ್ಲಿ ಶೇ 53.8 ಮಂದಿ ಹೌದು ಎಂದರು. ಕೊನೆಗೆ ಬಳಕೆ ಎಷ್ಟು ಇಳಿಯಿತು? ಕರ್ನಾಟಕದಲ್ಲಿ ತಂಬಾಕು ಬಳಸುವ ವಯಸ್ಕರ ಪಾಲು 2009–10ರ ಶೇ 28.2ರಿಂದ ಶೇ 22.8ಕ್ಕೆ ಇಳಿದಿತ್ತು. ಈ ಇಳಿಕೆಗೆ ಬೆಲೆ, ಕಾನೂನು, ಬದಲಾದ ರೂಢಿ ಎಲ್ಲ ಕಾರಣವಿರಬಹುದು, ಚಿತ್ರ ಒಂದೇ ಅಲ್ಲ. ನೋಡುವುದು, ಮನಸ್ಸು ಮಾಡುವುದು, ಬಿಡುವುದು ಮೂರು ಬೇರೆ ಬೇರೆ ಹಂತ. ಮೂರನ್ನೂ ಬೇರೆಯಾಗಿ ಎಣಿಸಿದಾಗ ಮಾತ್ರ ಮಾತು ಎಲ್ಲಿ ನಿಂತಿತೆಂದು ಗೊತ್ತಾಗುತ್ತದೆ.

ರಾಯಬಾಗ, ಅಥಣಿ ಸೀಮೆ ದೇವದಾಸಿ ಪದ್ಧತಿಯ ನೋವುಂಡ ನೆಲ. 1982ರಲ್ಲಿ ಕರ್ನಾಟಕ ಅದನ್ನು ನಿಷೇಧಿಸುವ ಕಾಯ್ದೆ ಮಾಡಿತು. ಗೋಡೆ ಬರಹಗಳು ಬಂದವು, ಶಿಕ್ಷೆಯ ಎಚ್ಚರಿಕೆಗಳು ಬಂದವು. ಹೊರಗಿನವರು ಹೇಳಿದ ಆ ಮಾತಿಗೆ ತಾಯಂದಿರ ಮುಂದೆ ಅಷ್ಟು ಬಲವಿರಲಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಮೈರಾಡ ಸಂಸ್ಥೆಯ ಬೆಂಬಲದಿಂದ 1997ರಲ್ಲಿ ಮಾಜಿ ದೇವದಾಸಿಯರೇ ತಮ್ಮ ಸಂಸ್ಥೆ ಕಟ್ಟಿಕೊಂಡರು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ‘ಮಾಸ್’. ಕೊರಳಿಗೆ ಮುತ್ತು ಕಟ್ಟಿಸಿಕೊಂಡ ಹೆಣ್ಣೇ ಎದುರು ಕುಳಿತು “ನನ್ನ ಬಾಳ್ವೆ ನೋಡವಾ, ಮಗಳಿಗೆ ಇದು ಬ್ಯಾಡ” ಎನ್ನಬಲ್ಲ ಸ್ಥಿತಿ ಬಂದಾಗ ಆ ಮಾತನ್ನು ತಳ್ಳಿಹಾಕುವುದು ಸುಲಭವಾಗಲಿಲ್ಲ. ನೆರೆಗೂ ಇದೇ ನ್ಯಾಯ. 2019ರಲ್ಲಿ ಎರಡು ಎಮ್ಮೆ ಕಳೆದುಕೊಂಡವನು ಹೇಳುವ “ಈಗ ಹೊಂಡು” ಎಂಬ ಮಾತಿನ ತೂಕ ಜೀಪಿನಲ್ಲಿ ಬಂದವರ ಮಾತಿಗೆ ಇರುವುದಿಲ್ಲ. ಪ್ರತಿ ಹೊಳೆಸಾಲಿನ ಊರಿನ ಪಡೆಯಲ್ಲಿ ಅಂಥವರೇ ಮುಂದೆ ಇರಬೇಕು.

ಬಾಗಿಲ ಮೇಲಿನ ಅಳತೆ

ನೆರೆ ಇಳಿದ ಮೇಲೆ ವರದಿಗಳು ಬರೆಯಲ್ಪಡುತ್ತವೆ: ಇಷ್ಟು ಪ್ರಕಟಣೆ, ಇಷ್ಟು ಎಸ್‌ಎಂಎಸ್, ಇಷ್ಟು ವಾಹನಗಳಲ್ಲಿ ಧ್ವನಿವರ್ಧಕ, ಪತ್ರಿಕೆಗಳಲ್ಲಿ ಇಷ್ಟು ಕಾಲಂ ಸುದ್ದಿ. ಇವೆಲ್ಲ ಹೇಳಿದವರ ಲೆಕ್ಕ. ಕೇಳಿದವರ ಲೆಕ್ಕ ಎಲ್ಲಿ? ಸಂವಹನದ ಫಲ ಅಳೆಯುವ ಜಗತ್ತಿನ ವೃತ್ತಿಪರರು 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿ ಕೆಲವು ತತ್ವಗಳನ್ನು ಒಪ್ಪಿಕೊಂಡರು. ಎಷ್ಟು ಅಚ್ಚಾಯಿತು, ಎಷ್ಟು ಹಂಚಿಕೆಯಾಯಿತು ಎಂಬುದಕ್ಕಿಂತ ಜನರ ನಡೆಯಲ್ಲಿ ಏನು ಬದಲಾಯಿತು ಎಂಬುದನ್ನೇ ಅಳೆಯಬೇಕು ಎಂಬುದು ಅವುಗಳ ತಿರುಳು. ಟಿವಿಯಲ್ಲಿ ಜನ ಏನು ನೋಡಿದರೆಂದು ಅಳೆಯುವ ಟಿಆರ್‌ಪಿ ಮೀಟರು ದೇಶದ ಆಯ್ದ ಮನೆಗಳಲ್ಲಿ ಮಾತ್ರ ಇರುತ್ತದೆ. ಬಣಜವಾಡದ ಅಥವಾ ಕೃಷ್ಣಾ ಕಿತ್ತೂರಿನ ಮನೆಯೊಳಗೆ ಕನ್ನಡ ವಾಹಿನಿ ಹಚ್ಚಿದ್ದಾರೋ ಮರಾಠಿ ವಾಹಿನಿ ಹಚ್ಚಿದ್ದಾರೋ, ಕರೆಂಟು ಇದೆಯೋ ಇಲ್ಲವೋ, ಆ ಅಂಕಿಗಳಿಂದ ತಿಳಿಯುವುದಿಲ್ಲ.

ನಮ್ಮ ಊರುಗಳಿಗೆ ಬೇಕಾದ ಅಳತೆ ನಮ್ಮ ಊರುಗಳಲ್ಲೇ ಇದೆ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊ ಅಭಿಯಾನದ ಗುರುತು ಹಳೆಯ ಬಾಗಿಲುಗಳ ಪಕ್ಕ ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಗೆ ‘ಪಿ’ ಅಕ್ಷರ, ಬಿಟ್ಟುಹೋದ ಮಗು ಇರುವ ಮನೆಗೆ ‘ಎಕ್ಸ್’. ಮರುದಿನ ಎಕ್ಸ್ ಮನೆಗಳಿಗೆ ಮಾತ್ರ ಮತ್ತೆ ಭೇಟಿ. ಸುಣ್ಣದ ಕಡ್ಡಿಯಿಂದ ಬರೆದ ಒಂದು ಅಕ್ಷರ ಇಡೀ ದೇಶದ ಪ್ರಚಾರವನ್ನು ಬಾಗಿಲುಬಾಗಿಲಿಗೆ ಅಳೆಯಿತು. 2014ರ ಮಾರ್ಚ್ 27ರಂದು ಭಾರತವಿದ್ದ ವಲಯ ಪೋಲಿಯೊಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಅದೇ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು ಈ ಹೊಳೆಸಾಲಿನಲ್ಲೂ ಇದ್ದಾರೆ. ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಎಂಬುದು ಅವರಿಗೆ ಹೆಸರು ಸಹಿತ ಗೊತ್ತು.

ಮಾತು ಹೊರಟ ಮೂರು ಗಂಟೆಗೆ ಪಂಚಾಯಿತಿಯ ಪಡೆ ಹೊಳೆದಂಡೆಯ ವಸ್ತಿಗಳಲ್ಲಿ ತಿರುಗಿ ಬರಲಿ. ಹೊರಟ ಮನೆಗೆ ಒಂದು ಗುರುತು, ಹೊರಡದ ಮನೆಗೆ ಇನ್ನೊಂದು. ಹೊರಡದ ಮನೆಯಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ಏನು ಅಡ್ಡಿ? ಮಾತು ಮುಟ್ಟಿಲ್ಲವೆಂದರೆ ದಾರಿ ಬದಲಿಸಬೇಕು. ಮುಟ್ಟಿದೆ, ನಂಬಿಕೆ ಇಲ್ಲವೆಂದರೆ ಹೇಳುವ ಬಾಯಿ ಬದಲಿಸಬೇಕು. ನಂಬಿಕೆ ಇದೆ, ಟ್ರ್ಯಾಕ್ಟರ್ ಇಲ್ಲವೆಂದರೆ ಅದು ಪ್ರಚಾರದ ಕೊರತೆಯಲ್ಲ, ಟ್ರ್ಯಾಕ್ಟರ್ ಕಳಿಸಬೇಕು. ಇದರ ಜೊತೆ ಇನ್ನೂ ಎರಡು ಎಣಿಕೆ ಸಾಕು. ದಂಡೆಯಿಂದ ಮೇಲೆತ್ತಿದ ಮೋಟರ್‌ಗಳೆಷ್ಟು? ಯಾರೂ ಹೇಳದೆ ರೈತ ಮಾಡುವ ಈ ಕೆಲಸವೇ ಸುದ್ದಿ ಮುಟ್ಟಿದ್ದಕ್ಕೆ ಮೊದಲ ಸಾಕ್ಷಿ. ನೀರು ಪಟ್ಟಿ ಮುಟ್ಟುವ ಮುಂಚೆ ಕಾಳಜಿ ಕೇಂದ್ರ ಸೇರಿದ ದನಗಳೆಷ್ಟು? ಅದು ಪೂರ್ಣ ಸಾಕ್ಷಿ. ಅದೇ ಸಂಜೆ ಈ ಅಂಕಿಗಳು ತಹಶೀಲ್ದಾರರ ಮೇಜಿಗೆ ಹೋದರೆ ರಾತ್ರಿಯ ಎರಡನೇ ಪ್ರಕಟಣೆ ಯಾವ ವಸ್ತಿಗೆ, ಯಾವ ಮಾತಿನಲ್ಲಿ ಎಂಬುದು ತಾನೇ ತೀರ್ಮಾನವಾಗುತ್ತದೆ.

ಮೇ ತಿಂಗಳ ಕೆಲಸ

ಮೇ ತಿಂಗಳಲ್ಲಿ ಕೃಷ್ಣೆ ಬಡಕಲಾಗಿ ಬಂಡೆಗಳ ನಡುವೆ ಹರಿಯುತ್ತಾಳೆ. ಅಥಣಿಯ ಕಡೆ ಕುಡಿಯುವ ನೀರಿಗೆ ಹೊಳೆಯ ಮಡುವೇ ಗತಿ. ಉಗಾರದ ಬಳಿ ಮಕ್ಕಳು ನದಿಯ ಪಾತ್ರದಲ್ಲೇ ಕ್ರಿಕೆಟ್ ಆಡುತ್ತಾರೆ. ಇನ್ನೆರಡು ತಿಂಗಳಲ್ಲಿ ಈ ಮಕ್ಕಳು ಆಡುವ ಜಾಗದ ಮೇಲೆ ಎಷ್ಟು ಅಡಿ ನೀರಿರುತ್ತದೆಂದು ಆಗ ಊಹಿಸುವುದೇ ಕಷ್ಟ. ಪ್ರಚಾರದ ನಿಜವಾದ ಹಂಗಾಮು ಮಾತ್ರ ಅದೇ. ಅಳತೆಯ ಪಟ್ಟಿಗೆ ಬಣ್ಣ ಬಳಿಯಬೇಕು. ವಸ್ತಿಗಳ ಹೆಸರು, ದನಗಳ ಸಂಖ್ಯೆ, ನಡೆಯಲಾರದವರ ವಿವರ ಬರೆದಿಡಬೇಕು. ಎರಡು ಭಾಷೆಯ ನಾಲ್ಕು ವಾಕ್ಯಗಳನ್ನು ಡೇರಿಯ ಸರದಿಯಲ್ಲಿ ನಿಂತವರಿಗೆ ಓದಿ ತೋರಿಸಿ, ಅವರಿಗೆ ಏನು ತಿಳಿಯಿತೆಂದು ಅವರ ಬಾಯಿಂದಲೇ ಕೇಳಿ, ತಿಳಿಯದ್ದನ್ನು ತಿದ್ದಬೇಕು. ಒಂದು ದಿನ ಶಾಲೆಯ ಮಕ್ಕಳನ್ನು ಸೇರಿಸಿಕೊಂಡು ಇಡೀ ಊರು ಹೊರಟು ನೋಡಬೇಕು.

ಇದಕ್ಕೆ ದೊಡ್ಡ ಹಣ ಬೇಡ. 2018ರಿಂದ ನಿಪ್ಪಾಣಿ, ಕಾಗವಾಡಗಳೂ ತಾಲ್ಲೂಕುಗಳಾಗಿ, ಕಚೇರಿಗಳು ಹೊಳೆಗೆ ಹತ್ತಿರ ಬಂದಿವೆ. ಅಣೆಕಟ್ಟೆಗಳ ಅಂಕಿ ದಿನವೂ ಬಹಿರಂಗವಾಗಿ ಸಿಗುತ್ತದೆ. ದೂಧಗಂಗೆಯ ಸದಲಗಾದಲ್ಲಿ ಕೇಂದ್ರ ಜಲ ಆಯೋಗ ನೀರನ್ನು ಅಳೆಯುತ್ತದೆ. ನೀರಿನ ಅಳತೆಗೆ ನಾವು ಇಷ್ಟೊಂದು ವ್ಯವಸ್ಥೆ ಕಟ್ಟಿದ್ದೇವೆ. ಮಾತಿನ ಅಳತೆಗೆ ಇನ್ನೂ ಕಟ್ಟಬೇಕಾಗಿದೆ. ಒಂದು ಎಚ್ಚರಿಕೆ ಎಷ್ಟು ಮನೆಗಳಲ್ಲಿ ಹಗ್ಗ ಬಿಚ್ಚಿಸಿತು ಎಂಬ ಅಂಕಿಯನ್ನು ಪ್ರತಿ ಗ್ರಾಮ ಪಂಚಾಯಿತಿ ನೆರೆಯ ನಂತರದ ಗ್ರಾಮಸಭೆಯಲ್ಲಿ ಜನರ ಮುಂದೆ ಓದಬೇಕು; ಮುಂದಿನ ಮೇ ತಿಂಗಳ ಯೋಜನೆ ಆ ಅಂಕಿಯಿಂದಲೇ ಶುರುವಾಗಬೇಕು. ಹೊಳೆ ಬರುವುದನ್ನು ತಡೆಯುವುದು ಈ ಐದು ತಾಲ್ಲೂಕುಗಳ ಕೈಯಲ್ಲಿಲ್ಲ. ಅದಕ್ಕಿಂತ ಮುಂಚೆ, ಅರ್ಥವಾಗುವ ಮಾತಿನಲ್ಲಿ, ನಂಬುವ ಬಾಯಿಂದ, ಪ್ರತಿ ಬಾಗಿಲಿಗೂ ಸುದ್ದಿ ಮುಟ್ಟಿಸುವುದು ಮತ್ತು ಮುಟ್ಟಿತೆಂದು ಎಣಿಸಿ ತಿಳಿಯುವುದು ಪೂರ್ತಿಯಾಗಿ ನಮ್ಮ ಕೈಯಲ್ಲೇ ಇದೆ.